ಒಂದು ಕಿವಿ ನನ್ನ ಕಡೆಗೆ

ಚುಕ್ಕಿ ನಮ್ಮಲ್ಲಿಗೆ ಬಂದಾಗ ಅವಳಿಗೆ ನಾಲ್ಕು ವರ್ಷ ತುಂಬಿತ್ತು. ಮಾರವಾಡಿ ತಳಿಯ ಹೆಣ್ಣು ಕುದುರೆ. ಕಂದು ಮೈ, ಕಪ್ಪು ಕಾಲು, ಹಣೆಯ ಮೇಲೊಂದು ಬಿಳಿ ಗುರುತು, ಒಳಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುವ, ಆ ತಳಿಯ ಗುರುತಾದ ಚೆಂದದ ಕಿವಿಗಳು. ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಸಾರಂಗಖೇಡದಲ್ಲಿ, ತಾಪಿ ನದಿಯ ದಂಡೆಯ ಮೇಲೆ ದತ್ತ ಜಯಂತಿಯ ಹೊತ್ತಿಗೆ ದೊಡ್ಡ ಕುದುರೆ ಜಾತ್ರೆ ಸೇರುತ್ತದೆ. ಅಲ್ಲಿ ಮಾರಾಟವಾಗಿ, ಒಂದೆರಡು ಕೈ ಬದಲಾಗಿ, ಬೇಸಿಗೆಯಲ್ಲಿ ಅವಳು ಮೈಸೂರಿನ ಹೊರವಲಯದ ನನ್ನ ಗೆಳತಿಯ ತೋಟಕ್ಕೆ ಬಂದು ಇಳಿದಳು. ಮದುವೆ ಮೆರವಣಿಗೆಯಲ್ಲಿ ಕುಣಿಸುವುದಕ್ಕೆಂದು ಯಾರೋ ಅವಳನ್ನು ಪಳಗಿಸಲು ತೊಡಗಿ ಅರ್ಧಕ್ಕೇ ಕೈಬಿಟ್ಟಿದ್ದರು. ಬೆನ್ನ ಮೇಲೆ ಮನುಷ್ಯರು ಕೂತು ಹೊಲದ ದಾರಿಯಲ್ಲಿ ನೆಮ್ಮದಿಯಾಗಿ ನಡೆದುಹೋಗಬಹುದು ಎಂಬುದು ಅವಳ ಅನುಭವದಲ್ಲೇ ಇರಲಿಲ್ಲ.

ನಾನು ಸವಾರಿ ಕಲಿತದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ಎನ್‌ಸಿಸಿಯ ಅಶ್ವದಳದಲ್ಲಿ. ಅಲ್ಲಿಯ ಕುದುರೆಗಳು ವರ್ಷ ವರ್ಷವೂ ಹೊಸ ಕೆಡೆಟ್‌ಗಳನ್ನು ಹೊತ್ತು ಪಳಗಿದ್ದವು. ಉಸ್ತಾದರು ‘ಟ್ರಾಟ್’ ಎಂದು ಕೂಗಿದರೆ ನಮ್ಮ ಕಾಲು ಅವುಗಳ ಪಕ್ಕೆಗೆ ತಾಗುವ ಮೊದಲೇ ಓಟ ಶುರು. ಅಂಥ ಕುದುರೆ ಸವಾರರನ್ನು ತಯಾರು ಮಾಡುತ್ತದೆ. ಎಳೆಯ ಕುದುರೆಯ ವಿಷಯದಲ್ಲಿ ಆ ಹೊಣೆ ಪೂರ್ತಿ ನಮ್ಮ ಕಡೆಗೆ ತಿರುಗುತ್ತದೆ. ನಾವು ಮಾಡಿದ್ದೆಲ್ಲ ಅದಕ್ಕೆ ಪಾಠವೇ, ನಾವು ಕಲಿಸಬೇಕೆಂದುಕೊಂಡದ್ದು ಮಾತ್ರವಲ್ಲ. ಚುಕ್ಕಿಯ ಜೊತೆ ಕೆಲಸ ಮಾಡುವ ಅವಕಾಶವನ್ನು ಗೆಳತಿ ನನಗೆ ಕೊಟ್ಟಾಗ ಸಂತೋಷಕ್ಕಿಂತ ಹೆಚ್ಚಾಗಿ ಈ ಹೊಣೆಯ ಭಾರವೇ ನನ್ನ ಮನಸ್ಸಿನಲ್ಲಿತ್ತು.

ಬಂದ ಮೊದಲ ವಾರ ಪಶುವೈದ್ಯರು ಅವಳ ಬಾಯಿ ನೋಡಿದರು. ಕಡಿವಾಣ ಕಂಡರೆ ಸಾಕು, ದವಡೆ ಬಿಗಿಹಿಡಿದು ತಲೆಯನ್ನು ಕೈಗೆ ನಿಲುಕದಷ್ಟು ಮೇಲೆತ್ತುತ್ತಿದ್ದ ಕುದುರೆ ಅದು. ಕಾರಣ ಬಾಯೊಳಗೇ ಇತ್ತು. ತುಟಿಯ ಎರಡೂ ಮೂಲೆಗಳಲ್ಲಿ ಮಾಗಿದ ಗಾಯದ ಕಲೆ, ನಾಲಿಗೆಯ ಅಂಚಿನಲ್ಲಿ ಹಳೆಯ ಸೀಳು. ಮುಳ್ಳಿನ ಕಡಿವಾಣ ಹಾಕಿದ್ದರ ಗುರುತು. ಬಾಯಿಯ ಎರಡೂ ಪಕ್ಕಕ್ಕೆ ಚೂಪಾದ ಮೊಳೆಗಳು ತಾಗುವಂತೆ ಮಾಡಿದ ಈ ಸಾಧನಕ್ಕೆ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ 1965ರ ನಿಯಮಗಳಲ್ಲೇ ನಿಷೇಧವಿದೆ. ಆದರೂ ಮೆರವಣಿಗೆಯ ಕುದುರೆಗಳ ಬಾಯಲ್ಲಿ ಅದು ಇಂದಿಗೂ ಕಾಣಸಿಗುತ್ತದೆ. ಕತ್ತು ಬಾಗಿಸಿ ಬಾಯಲ್ಲಿ ನೊರೆ ತುಂಬಿಕೊಂಡು ಕುಣಿಯುವ ಕುದುರೆಯನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ. ಆ ಕುಣಿತದಲ್ಲಿ ಎಷ್ಟು ಪಾಲು ನೋವು ಎಂಬುದನ್ನು ಮದುವೆಯ ಮನೆಯವರು ಒಮ್ಮೆ ಕುದುರೆಯ ಬಾಯಿ ಬಿಡಿಸಿ ನೋಡಿ ತಿಳಿದುಕೊಳ್ಳಬೇಕು.

ಬಾಯಿಯ ಇನ್ನೊಂದು ಸಂಗತಿಯೂ ಇತ್ತು. ಕುದುರೆಯ ಮುಂದಿನ ಹಾಲುಹಲ್ಲುಗಳು ಜೋಡಿಜೋಡಿಯಾಗಿ ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿ ಬೀಳುತ್ತವೆ. ಚುಕ್ಕಿ ಕಡೆಯ ಜೋಡಿ ಉದುರುವ ವಯಸ್ಸಿನಲ್ಲಿದ್ದಳು, ವಸಡು ಕೆಂಪಗಿತ್ತು. ದವಡೆ ಹಲ್ಲುಗಳ ಸಾಲಿನ ಮುಂದೆ, ಕಡಿವಾಣ ಬಂದು ಬಡಿಯುವ ಜಾಗದಲ್ಲೇ, ಒಂದು ಪುಟ್ಟ ಹೆಚ್ಚುವರಿ ಹಲ್ಲು ಮೊಳೆತಿತ್ತು. ವೈದ್ಯರು ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು ಅದನ್ನು ತೆಗೆದರು. ಆ ದಿನವೇ ನಾವು ತೀರ್ಮಾನಿಸಿದೆವು: ಬಾಯಿಗೆ ಸದ್ಯಕ್ಕೆ ಏನೂ ಬೇಡ. ಬಾಯೊಳಗೆ ಏನೂ ಹೋಗದ, ತಲೆಗೆ ಮಾತ್ರ ತೊಡಿಸುವ ಹಗ್ಗದ ಹಾಲ್ಟರ್ ಒಂದೇ ಸಾಕು, ಎಷ್ಟು ತಿಂಗಳಾದರೂ ಆಗಲಿ.

ಲಾಯ ನೋಡಿಕೊಳ್ಳುತ್ತಿದ್ದವರು ಜೀವಮಾನವೆಲ್ಲ ರೇಸ್ ಕುದುರೆಗಳ ಸೈಸ್ ಆಗಿ, ಅಂದರೆ ಅವುಗಳ ಆರೈಕೆ ಮಾಡುವವರಾಗಿ, ದುಡಿದ ಹಿರಿಯರು. ಊರಿಗೆಲ್ಲ ಅವರು ಚಾಚಾ. ಮಾತು ಕಡಿಮೆ. ಕುದುರೆಯ ಹತ್ತಿರ ಹೋಗುವಾಗ ಅವರ ನಡಿಗೆಯೇ ಬೇರೆ. ನೇರ ಹಣೆಯ ಕಡೆಗೂ ಹೋಗುವುದಿಲ್ಲ, ಬಾಲದ ಕಡೆಯಿಂದಲೂ ಬರುವುದಿಲ್ಲ. ಹೆಗಲಿನ ಬದಿಯಿಂದ, ತುಸು ಓರೆಯಾಗಿ, ಏನೋ ಗುನುಗುತ್ತಾ ಬರುತ್ತಾರೆ. ಕುದುರೆಯ ಕಣ್ಣುಗಳು ತಲೆಯ ಎರಡೂ ಪಕ್ಕಕ್ಕಿರುವುದರಿಂದ ಅದು ತನ್ನ ಸುತ್ತಲಿನ ಬಹುಪಾಲನ್ನೆಲ್ಲ ಒಟ್ಟಿಗೇ ನೋಡಬಲ್ಲದು. ಆದರೆ ಹಣೆಯ ನೇರ ಮುಂದೆ ತೀರಾ ಹತ್ತಿರದ್ದು, ಮೂತಿಯ ಕೆಳಗಿನದು ಮತ್ತು ಬಾಲದ ನೇರ ಹಿಂದಿನದು ಅದಕ್ಕೆ ಕಾಣುವುದಿಲ್ಲ. ಮೊದಲ ಸಲ ಭೇಟಿಯಾಗುವವರು ಪ್ರೀತಿಯಿಂದ ಕೈ ಚಾಚುವುದು ಆ ಹಣೆಯ ಕಡೆಗೇ. ಕಾಣದ ಜಾಗಕ್ಕೆ ಅಪರಿಚಿತ ಕೈ ಬಂದರೆ ಎಳೆಯ ಕುದುರೆ ತಲೆ ಕೊಡವಿ ಹಿಂದೆ ಸರಿಯುವುದು ಸಹಜ.

ಮೊದಲ ತಿಂಗಳುಗಳಲ್ಲಿ ನಾನು ಮಾಡಿದ್ದು ಹೆಚ್ಚಾಗಿ ಅವಳ ಅಂಗಳದಲ್ಲಿ ಇರುವುದು. ಬೇಲಿಯೊಳಗೆ ಹುಣಸೆ ಮರದ ನೆರಳಲ್ಲಿ ಕೂರುತ್ತಿದ್ದೆ, ಲದ್ದಿ ಬಾಚುತ್ತಿದ್ದೆ, ನೀರಿನ ತೊಟ್ಟಿ ತೊಳೆಯುತ್ತಿದ್ದೆ. ಅವಳಿಗೆ ಬೇಕೆನಿಸಿದರೆ ಬರಲಿ, ಬೇಡವೆನಿಸಿದರೆ ಹೋಗಲಿ. ತಿಂಡಿ ಹಿಡಿದು ಕರೆಯುವುದನ್ನು ಬೇಕೆಂದೇ ಬಿಟ್ಟಿದ್ದೆ. ಆಸೆಗೆ ಬರುವುದು ಬೇರೆ, ಮನಸ್ಸಿನಿಂದ ಬರುವುದು ಬೇರೆ ಎಂದು ನನ್ನ ನಂಬಿಕೆ. ಹತ್ತಿರ ಬಂದಾಗ ಕತ್ತು ಬೆನ್ನನ್ನು ಸೇರುವ ಆ ಎತ್ತರದ ಜಾಗವನ್ನು ಬೆರಳ ತುದಿಯಿಂದ ಗಟ್ಟಿಯಾಗಿ ಕೆರೆಯುತ್ತಿದ್ದೆ. ಕುದುರೆಗಳು ಎದುರುಬದುರು ನಿಂತು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿಯೇ, ಮತ್ತು ಅಲ್ಲಿ ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆ ಎಂಬುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ದವಡೆಯ ಕೆಳಗಿನ ರಕ್ತನಾಳದ ಮೇಲೆ ಬೆರಳಿಟ್ಟು ನಾಡಿ ನೋಡುವುದನ್ನು ಚಾಚಾ ಹೇಳಿಕೊಟ್ಟರು. ನೆಮ್ಮದಿಯಲ್ಲಿರುವ ದೊಡ್ಡ ಕುದುರೆಯದು ನಿಮಿಷಕ್ಕೆ 28ರಿಂದ 44. ಅವಳ ನಾಡಿ ಆ ಮಟ್ಟಕ್ಕೆ ಇಳಿದು ನಿಂತಾಗ, ಕೆಳತುಟಿ ಸಡಿಲವಾಗಿ ಜೋತು ಬಿದ್ದಾಗ, ನನ್ನ ಭುಜವೂ ತಾನಾಗಿ ಸಡಿಲವಾಗುತ್ತಿತ್ತು.

ಹೊಟ್ಟೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಎಷ್ಟೋ ‘ಹಠಮಾರಿ’ ಕುದುರೆಗಳ ಹಠ ಹೊಟ್ಟೆಯಲ್ಲಿರುತ್ತದೆ. ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಅದರಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪ ಮೇಯುವುದಕ್ಕೆಂದೇ ಆದ ದೇಹ ಅದು. ಎರಡು ಹೊತ್ತು ಹುರುಳಿ, ಹೊಟ್ಟು ಕೊಟ್ಟು ಉಳಿದ ಹೊತ್ತು ಖಾಲಿ ಗೋಡೆ ನೋಡುತ್ತಾ ನಿಲ್ಲಿಸಿದರೆ ಜಠರದಲ್ಲಿ ಹುಣ್ಣಾಗುತ್ತದೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ನಾವು ಕಾಳು ಕಡಿಮೆ ಮಾಡಿ, ಒಣಹುಲ್ಲು ಮತ್ತು ಕುದುರೆಮೆಂತೆ ಯಾವಾಗಲೂ ಬಾಯಿಗೆ ಸಿಗುವಂತೆ ಇಟ್ಟೆವು. ಕೆಲಸಕ್ಕೆ ಕರೆದೊಯ್ಯುವ ಮೊದಲು ಒಂದು ಹಿಡಿ ಹುಲ್ಲು ತಿನ್ನಿಸುವುದು ರೂಢಿಯಾಯಿತು. ಖಾಲಿ ಹೊಟ್ಟೆಯಲ್ಲಿ ಓಡಿದರೆ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಹುಲ್ಲಿನ ಪದರ ಅದನ್ನು ತಡೆಯುತ್ತದೆ. ಮೈ ಉಜ್ಜುವಾಗ ಅವಳು ಹಿಂಗಾಲು ಎತ್ತಿ ಬೆದರಿಸುತ್ತಿದ್ದುದು ಆಮೇಲೆ ಬಹುಮಟ್ಟಿಗೆ ನಿಂತಿತು.

ನಿಜವಾದ ಪಾಠ ಹಗ್ಗದಲ್ಲಿ ಶುರುವಾಯಿತು. ನೋಡುವವರಿಗೆ ಅದರಲ್ಲಿ ಏನೂ ಇಲ್ಲ. ಹೆಂಗಸೊಬ್ಬಳು ಕುದುರೆಯ ಪಕ್ಕ ನಿಂತಿದ್ದಾಳೆ, ಕುದುರೆ ಒಂದು ಹೆಜ್ಜೆ ಇಡುತ್ತದೆ, ಇಬ್ಬರೂ ನಿಲ್ಲುತ್ತಾರೆ, ಅಷ್ಟೇ. ನನಗೆ ಮಾತ್ರ ಅದರಷ್ಟು ಗಮನ ಬೇಡಿದ ಕೆಲಸ ಬೇರೆ ನೆನಪಿಲ್ಲ. ಹಗ್ಗದಲ್ಲಿ ಒಂದು ಬೆರಳಿನಷ್ಟು ಒತ್ತಡ ಕೊಟ್ಟು ಕಾಯಬೇಕು. ಜಗ್ಗುವಂತಿಲ್ಲ, ಹೆಚ್ಚಿಸುವಂತಿಲ್ಲ, ಬಿಡುವಂತೆಯೂ ಇಲ್ಲ. ಅವಳು ಹೆಜ್ಜೆ ಇಡುವುದಿರಲಿ, ಮೈಭಾರವನ್ನು ಮುಂದಕ್ಕೆ ವಾಲಿಸಿದ ಕ್ಷಣದಲ್ಲೇ ಹಗ್ಗ ಸಡಿಲವಾಗಬೇಕು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ನಿಂತ ಕ್ಷಣದಿಂದ. ಆ ಕ್ಷಣದಲ್ಲಿ ತಾನು ಏನು ಮಾಡುತ್ತಿತ್ತೋ ಅದೇ ಸರಿಯಾದ ಉತ್ತರ ಎಂದು ಅದು ಗುರುತಿಟ್ಟುಕೊಳ್ಳುತ್ತದೆ. ಉತ್ತರ ಕೊಟ್ಟ ಮೇಲೂ ಹಗ್ಗ ಬಿಗಿಯಾಗಿಯೇ ಇದ್ದರೆ, ಉತ್ತರ ಕೊಟ್ಟು ಪ್ರಯೋಜನವಿಲ್ಲ ಎಂಬುದನ್ನೂ ಅಷ್ಟೇ ಬೇಗ ಕಲಿಯುತ್ತದೆ. ಚಾಚಾ ಬೇಲಿಯಾಚೆ ನಿಂತು, “ಈಗ ಬಿಡಿ ಅಮ್ಮಾ” ಎನ್ನುತ್ತಿದ್ದರು. ಮುಂದೆ ಮುಂದೆ ಹಾಗೆ ಹೇಳುವುದನ್ನೂ ನಿಲ್ಲಿಸಿದರು.

ಮುಳ್ಳಿನ ಕಡಿವಾಣದ ಕ್ರೌರ್ಯ ನನಗೆ ಪೂರ್ತಿ ಅರ್ಥವಾದದ್ದೂ ಈ ಕೆಲಸದಲ್ಲೇ. ಅದು ನೋಯಿಸುತ್ತದೆ ಎಂಬುದು ಒಂದು ಮಾತು. ಏನು ಮಾಡಿದರೂ ನೋವು ನಿಲ್ಲುವುದಿಲ್ಲ ಎಂಬುದು ಅದಕ್ಕಿಂತ ಕೆಟ್ಟದ್ದು. ಕುದುರೆ ತಲೆ ಎತ್ತಿದರೂ ಚುಚ್ಚುತ್ತದೆ, ಇಳಿಸಿದರೂ ಚುಚ್ಚುತ್ತದೆ, ಸುಮ್ಮನೆ ನಿಂತರೂ ಅಲ್ಲೇ ಇರುತ್ತದೆ. ಚುಕ್ಕಿಗೆ ಮನುಷ್ಯರ ಕೈ ಎಂದರೆ ಉತ್ತರವೇ ಇಲ್ಲದ ಪ್ರಶ್ನೆಯಾಗಿತ್ತು. ತಾನು ಹೇಳಿದ್ದು ಈ ಕೈಗೆ ಕೇಳಿಸುತ್ತದೆ ಎಂಬುದನ್ನು ಅವಳಿಗೆ ಮನವರಿಕೆ ಮಾಡಿಕೊಡಬೇಕಿತ್ತು. ಹಾಗಾಗಿ ಅವಳು ‘ಬೇಡ’ ಎಂದದ್ದನ್ನೂ ಕೇಳಿಸಿಕೊಳ್ಳಬೇಕಿತ್ತು. ಜೀನು ತಂದು ತೋರಿಸಿದಾಗ ಮೂಸಿ ನೋಡಿ ಆಚೆ ಸರಿದರೆ ನಾನೂ ಜೀನನ್ನು ಬೇಲಿಯ ಮೇಲಿಟ್ಟು ಸುಮ್ಮನಾಗುತ್ತಿದ್ದೆ. ಮತ್ತೆ ಬಂದು ಮೂಸಿದಾಗ ಬಟ್ಟೆ ಮಾತ್ರ ಬೆನ್ನ ಮೇಲೆ ಹಾಕಿ ತೆಗೆಯುತ್ತಿದ್ದೆ.

“ಹೀಗೆಲ್ಲ ಮಾಡಿದರೆ ತಲೆಯ ಮೇಲೆ ಕೂರುತ್ತದೆ, ಯಜಮಾನರು ಯಾರೆಂದು ಮೊದಲೇ ತೋರಿಸಬೇಕು” ಎಂದು ತೋಟಕ್ಕೆ ಬಂದ ಅನುಭವಿಗಳು ಕೆಲವರು ಹೇಳಿದರು. ಅವರ ಕುದುರೆಗಳು ಅಲ್ಲಾಡದೆ ನಿಲ್ಲುತ್ತವೆ, ನಿಜ. ಆದರೆ ಕಣ್ಣು ಕಲ್ಲಿನಂತೆ ನಿಂತು, ಉಸಿರು ಬಿಗಿಹಿಡಿದು, ಕಿವಿ ಆಡಿಸದೆ ನಿಂತ ಕುದುರೆ ಒಪ್ಪಿಕೊಂಡಿದೆ ಎಂದು ನಾನು ನಂಬುವುದಿಲ್ಲ. ಓಡಿ ತಪ್ಪಿಸಿಕೊಳ್ಳುವ ದಾರಿ ಮುಚ್ಚಿದಾಗ ಬೇಟೆಗೆ ಗುರಿಯಾಗುವ ಪ್ರಾಣಿ ಮರಗಟ್ಟಿ ನಿಲ್ಲುತ್ತದೆ. ಅದರೊಳಗಿನ ಭಯ ಎಲ್ಲಿಗೂ ಹೋಗಿರುವುದಿಲ್ಲ. ಎಂದೋ ಒಂದು ದಿನ, ರಸ್ತೆಯ ನಡುವೆ, ಮಗುವೊಂದು ಬೆನ್ನ ಮೇಲಿರುವಾಗ ಅದು ಒಮ್ಮೆಗೇ ಹೊರಬರುತ್ತದೆ. ಬೇಡ ಎನ್ನಲು ಬಲ್ಲ ಕುದುರೆಯೇ ನನಗೆ ಹೆಚ್ಚು ಸುರಕ್ಷಿತ, ಅದು ಮೊದಲು ಸಣ್ಣದಾಗಿ ಹೇಳಿ ನೋಡುತ್ತದೆ.

ಆ ವರ್ಷ ದಸರೆಗೆ ಮುನ್ನ ಅರಮನೆಯ ಬಳಿ ನಡೆದ ಸಿಡಿಮದ್ದಿನ ತಾಲೀಮನ್ನು ನಾನು ವಿಶೇಷ ಗಮನದಿಂದ ನೋಡಿದೆ. ಜಂಬೂ ಸವಾರಿಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆದರದಿರಲೆಂದು ಆನೆಗಳ ಜೊತೆಗೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ತಂದು ನಿಲ್ಲಿಸಿ ಫಿರಂಗಿಗಳಿಗೆ ಮದ್ದು ತುಂಬಿ ಸಿಡಿಸುತ್ತಾರೆ. ಮೊದಲ ಸದ್ದಿಗೆ ಹೊಸ ಕುದುರೆಗಳು ಗಿರಕಿ ಹೊಡೆದವು. ಪಕ್ಕದಲ್ಲೇ ಎಷ್ಟೋ ದಸರೆ ಕಂಡ ಹಿರಿಯ ಕುದುರೆಗಳು ಕಿವಿ ಮಾತ್ರ ಅಲುಗಿಸಿ ನಿಂತಿದ್ದವು. ಹೊಸಬರ ಕಣ್ಣು ಅವುಗಳ ಮೇಲೇ ಇತ್ತು. ನಮ್ಮ ಲಾಯದಲ್ಲೂ ಅಂಥದ್ದೊಂದು ಹಿರಿಯ ಕುದುರೆ ಇತ್ತು: ರೇಸಿನಿಂದ ನಿವೃತ್ತವಾದ, ಬೀಜ ಒಡೆದ ಥರೋಬ್ರೆಡ್. ಅಂದಿನಿಂದ ಚುಕ್ಕಿಯ ಪ್ರತಿಯೊಂದು ಹೊಸ ಪರಿಚಯವೂ ಅದರ ಪಕ್ಕದಲ್ಲೇ ಆಯಿತು. ಗಾಳಿಗೆ ಪಟಪಟಿಸುವ ಟಾರ್ಪಾಲು, ಹಾರ್ನ್ ಬಾರಿಸುವ ಬೈಕು, ಊರಹಬ್ಬದ ತಮಟೆ. ಮೊದಲು ದೂರದಿಂದ, ಅವಳು ಮತ್ತೆ ಹುಲ್ಲು ಮೇಯುವಷ್ಟು ನಿರಾಳಳಾದ ಮೇಲೆ ಇನ್ನೊಂದಿಷ್ಟು ಹತ್ತಿರದಿಂದ.

ಚಳಿ ಬೀಳುವ ಹೊತ್ತಿಗೆ ಬೆನ್ನೇರುವ ಕಾಲ ಬಂತು. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಐದು ವರ್ಷ ದಾಟುವವರೆಗೂ ಪೂರ್ತಿಯಾಗುವುದಿಲ್ಲ, ಆದ್ದರಿಂದ ಭಾರದ ಲೆಕ್ಕವನ್ನು ಬಿಗಿಯಾಗಿಯೇ ಹಾಕಿದೆವು. ಸವಾರರು ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡ 20ನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಎಳೆಯ ಬೆನ್ನಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಒಳ್ಳೆಯದು. ನನ್ನ ಹಗುರ ಮೈ ಇಲ್ಲಿ ಅನುಕೂಲಕ್ಕೆ ಬಂತು. ಮೊದಲು ಹತ್ತುವ ಕಟ್ಟೆಯ ಮೇಲೆ ನಿಂತು ಅವಳ ಬೆನ್ನ ಮೇಲೆ ಕೈಯೂರಿ ಒತ್ತಿದೆ. ಆಮೇಲೆ ಅವಳ ಬೆನ್ನ ಮೇಲೆ ಹೊಟ್ಟೆಯೂರಿ ಅಡ್ಡಲಾಗಿ ಮಲಗಿ ಇಳಿದೆ. ಚಾಚಾ ತಲೆಯ ಬಳಿ ಸಡಿಲ ಹಗ್ಗ ಹಿಡಿದು ನಿಂತಿದ್ದರು. ಕಾಲು ಆಚೆ ಹಾಕಿ ಕೂತ ದಿನ ಚುಕ್ಕಿ ಕತ್ತು ಹೊರಳಿಸಿ ನನ್ನ ಬೂಟಿನ ತುದಿಯನ್ನು ಮೂಸಿ, ಮತ್ತೊಂದು ಬದಿಗೆ ಹೊರಳಿ ಅಲ್ಲಿಯ ಬೂಟನ್ನೂ ಮೂಸಿ, ಉದ್ದವಾಗಿ ಉಸಿರು ಬಿಟ್ಟಳು. ಕುಣಿತವಿಲ್ಲ, ನೆಗೆತವಿಲ್ಲ. ಅಷ್ಟಕ್ಕೇ ಇಳಿದು ಅವಳನ್ನು ಮೇಯಲು ಬಿಟ್ಟೆವು. ನನಗೆ ಕಣ್ಣು ತುಂಬಿ ಬಂದಿತ್ತು.

ಅಲ್ಲಿಂದ ಮುಂದಿನ ಕೆಲಸ ಬಹಳ ಸಲೀಸು, ಏಕೆಂದರೆ ಕಾಲಿನ ಒತ್ತು, ಲಗಾಮಿನ ಸೂಚನೆ ಎಲ್ಲವೂ ಅವಳಿಗೆ ನೆಲದ ಮೇಲೆ ಗೊತ್ತಾಗಿದ್ದ ಭಾಷೆಯೇ. ನಡಿಗೆ, ನಿಲುಗಡೆ, ತಿರುವು, ಆಮೇಲೆ ಟ್ರಾಟ್. ಮರಳಿನ ಅಂಗಳದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಂದೂ ಇಲ್ಲ.

ನಾಲೆಯ ದಾರಿಯಲ್ಲಿ ಹಿರಿಯ ಕುದುರೆಯ ಜೊತೆ ಸುತ್ತಾಡಿ ಅಭ್ಯಾಸವಾದ ಮೇಲೆ ಒಂಟಿಯಾಗಿ ಹೊರಟೆವು. ಕಬ್ಬು ಕಡಿಯುವ ಕಾಲ. ತಿರುವಿನಲ್ಲಿ ಎದುರಿಗೆ ಟ್ರಾಕ್ಟರ್, ಅದರ ಹಿಂದೆ ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ರಾಶಿ, ಮೇಲಿನಿಂದ ಜೋರು ಹಾಡು. ಚುಕ್ಕಿ ನೆಟ್ಟಗೆ ನಿಂತಳು. ತಲೆ ಮೇಲೆ, ಮೂಗಿನ ಹೊಳ್ಳೆ ಅರಳಿ, ಎರಡೂ ಕಿವಿ ಆ ರಾಶಿಯ ಕಡೆಗೆ ಚೂಪಾಗಿ ನಿಂತಿದ್ದವು. ತೊಡೆಯ ಕೆಳಗೆ ಅವಳ ಎದೆ ಬಡಿದುಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ಒಂದು ಬದಿ ನಾಲೆ, ಇನ್ನೊಂದು ಬದಿ ಕಬ್ಬಿನ ಗದ್ದೆ. ಎಲ್ಲ ಸವಾರರ ಕೈಯೂ ಲಗಾಮನ್ನು ಎಳೆದು ಹಿಡಿಯಲು ಹವಣಿಸುವುದು ಇಂಥಲ್ಲಿಯೇ. ನಾನು ಲಗಾಮನ್ನು ಒಂದು ಗೇಣು ಹೆಚ್ಚು ಬಿಟ್ಟೆ, ಉಸಿರನ್ನು ಹೊಟ್ಟೆಯವರೆಗೆ ಇಳಿಸಿದೆ, ಚಾಚಾ ಗುನುಗುವ ಹಾಡನ್ನೇ ಗುನುಗಿದೆ. ಡ್ರೈವರ್ ಒಳ್ಳೆಯವನು. ಎಂಜಿನ್ ನಿಲ್ಲಿಸಿ, ಹಾಡನ್ನೂ ಆರಿಸಿ, “ನಿಧಾನಕ್ಕೆ ಹೋಗಿ ಅಕ್ಕಾ” ಎಂದ.

ಆಗ ಚುಕ್ಕಿಯ ಎಡಗಿವಿ ಹಿಂದಕ್ಕೆ ತಿರುಗಿತು. ಸಿಟ್ಟಿನಿಂದ ಎರಡೂ ಕಿವಿ ಕತ್ತಿಗೆ ಒತ್ತಿಕೊಳ್ಳುವುದು ಬೇರೆ. ಇದು ಒಂದೇ ಕಿವಿ, ಮೆತ್ತಗೆ, ನನ್ನ ದನಿಯ ಕಡೆಗೆ. ಇನ್ನೊಂದು ಕಬ್ಬಿನ ಮೇಲೇ ಇತ್ತು. ಇಷ್ಟು ತಿಂಗಳು ನಾನು ಅವಳನ್ನು ಕೇಳುತ್ತಿದ್ದೆ. ಈಗ ಅವಳು, ಓಡಿಹೋಗುವ ಮೊದಲು, ನನ್ನನ್ನು ಕೇಳುತ್ತಿದ್ದಳು. ಕಾಲನ್ನು ಪಕ್ಕೆಗೆ ಮೆಲ್ಲನೆ ತಾಗಿಸಿದೆ. ಒಂದು ಹೆಜ್ಜೆ ಇಟ್ಟಳು, ಕಾಲು ಸಡಿಲಿಸಿದೆ. ಇನ್ನೊಂದು ಹೆಜ್ಜೆ. ಕಬ್ಬಿನ ಸೋಗೆ ಅವಳ ಹೆಗಲನ್ನು ಸವರಿತು, ಮೈ ನಡುಗಿತು, ನಡಿಗೆ ನಿಲ್ಲಲಿಲ್ಲ. ಗಾಡಿ ದಾಟಿದ ಮೇಲೆ ತಲೆಯನ್ನು ಮೊಣಕಾಲಿನವರೆಗೂ ಇಳಿಸಿ ಬುಸ್ಸೆಂದು ಉಸಿರು ಬಿಟ್ಟಳು.

ನಂಬಿಕೆ ಎನ್ನುವುದನ್ನು ಸವಾರಿಯಲ್ಲಿ ಮಾತ್ರ ಅಳೆಯಲಾಗದು ಎಂಬುದು ಆ ಮಳೆಗಾಲದಲ್ಲಿ ತಿಳಿಯಿತು. ಲಾಯದ ನೆಲ ತೇವದಿಂದ ಕೂಡಿರುವ ದಿನಗಳವು, ಅವಳ ಮುಂಗಾಲಿನ ಗೊರಸಿನೊಳಗೆ ಕೀವಾಯಿತು. ಬೆಳಿಗ್ಗೆ ನೋಡಿದರೆ ಕಾಲು ಊರಲಾರದೆ ನಿಂತಿದ್ದಾಳೆ. ಕುದುರೆ ಎಂದರೆ ಕಾಲು, ಕಾಲು ಕೊಡುವುದೆಂದರೆ ಓಡುವ ಶಕ್ತಿಯನ್ನೇ ಇನ್ನೊಬ್ಬರ ಕೈಗೆ ಒಪ್ಪಿಸಿದ ಹಾಗೆ. ವೈದ್ಯರು ಗೊರಸಿನ ತಳವನ್ನು ಕೊರೆದು ಕೀವು ಹೊರಬಿಟ್ಟರು, ಧನುರ್ವಾಯು ಚುಚ್ಚುಮದ್ದಿನ ದಾಖಲೆ ಕೇಳಿ ನೋಡಿದರು, ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಡಲು ಹೇಳಿದರು. ಆ ಕೆಲಸದುದ್ದಕ್ಕೂ ಅವಳ ಗೊರಸು ನನ್ನ ತೊಡೆಯ ಮೇಲಿತ್ತು. ಚಾಕು ನೋವಿನ ಜಾಗ ಮುಟ್ಟಿದಾಗ ಒಮ್ಮೆ ಸೆಳೆದುಕೊಂಡಳು. ನಾನು ಬಿಟ್ಟೆ. ಅವಳೇ ಮತ್ತೆ ಕಾಲು ಎತ್ತಿ ಕೊಟ್ಟಳು. ವೈದ್ಯರು ಚಾಕು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.

ಕಾಲು ವಾಸಿಯಾಗಿ, ಹೊಸ ಲಾಳ ಕಟ್ಟಿಸಿದ ಮೇಲೆ ಕಡಿವಾಣವನ್ನು ಮತ್ತೆ ತಂದೆವು. ಈ ಸಲ ನಯವಾದ, ದಪ್ಪನೆಯ, ನಡುವೆ ಕೀಲಿರುವ ಸಾದಾ ಕಡಿವಾಣ. ಅಂಗೈಯಲ್ಲಿ ಬೆಚ್ಚಗೆ ಮಾಡಿ, ಜೋನಿಬೆಲ್ಲ ಸವರಿ, ಬಾಯಿಯ ಮುಂದೆ ಹಿಡಿದು ನಿಂತೆ. ತಲೆ ಎತ್ತಿದಳು. ಕಾದೆ. ಇಳಿಸಿದಳು, ನೆಕ್ಕಿದಳು. ಅಂದಿಗೆ ಸಾಕು ಎಂದು ಎತ್ತಿಟ್ಟೆ. ಕೆಲವು ಬೆಳಗುಗಳ ಬಳಿಕ ತಾನಾಗಿ ಬಾಯಿ ತೆರೆದು ಅದನ್ನು ತೆಗೆದುಕೊಂಡಳು. ಈಗಲೂ ಹೆಚ್ಚಿನ ದಿನ ನಾವು ಕಡಿವಾಣವಿಲ್ಲದೆಯೇ ಹೋಗುತ್ತೇವೆ. ಅವಳಿಗೆ ಅದರ ಭಯ ಇಲ್ಲದಿರುವುದು ಮುಖ್ಯ, ಎಂದೋ ವೈದ್ಯಕ್ಕೋ ಪ್ರಯಾಣಕ್ಕೋ ಬೇಕಾಗಬಹುದು.

ಮದುವೆಗೆ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿಕೊಂಡು ಜನ ಆಗಾಗ ತೋಟಕ್ಕೆ ಬರುತ್ತಾರೆ. ಗೆಳತಿ ಗೇಟಿನಲ್ಲೇ ಇಲ್ಲ ಎಂದು ಕಳುಹಿಸುತ್ತಾಳೆ.

ಚುಕ್ಕಿಯ ಬೆನ್ನು ಈ ವರ್ಷ ಅಗಲವಾಗಿದೆ. ಹಳೆಯ ಜೀನು ಹೆಗಲ ಹತ್ತಿರ ಒತ್ತುತ್ತಿದೆ, ಅದನ್ನು ಬಿಚ್ಚಿಸಿ ಮೆತ್ತೆ ಬದಲಿಸಬೇಕು. ಟ್ರಾಟ್‌ಗಿಂತ ಬಿರುಸಾದ ಕ್ಯಾಂಟರ್ ಓಟದಲ್ಲಿ ಎಡಕ್ಕೆ ತಿರುಗುವಾಗ ಹಗುರವಾಗಿ ಹೋಗುತ್ತಾಳೆ, ಬಲಕ್ಕೆ ಇನ್ನೂ ಮೈ ಬಿಗಿ, ಹೊರಗಾಲನ್ನೇ ಮುಂದಿಡುತ್ತಾಳೆ. ಮಳೆ ನಿಂತು ಅಂಗಳದ ಮರಳು ಒಣಗಿದ ಮೇಲೆ ಬಲಬದಿಯ ಕೆಲಸವನ್ನು ನಡಿಗೆಯಿಂದಲೇ ಶುರು ಮಾಡಬೇಕೆಂದು ಚಾಚಾ ಹೇಳಿದ್ದಾರೆ.